ಮೌನಿಗಳ ಪರ ಒಬ್ಬ ವಕೀಲೆ

ಅಮೆರಿಕದ ಲೇಖಕಿ ಸೂಸನ್ ಕೇನ್ ಅವರ ‘ಕ್ವಯಟ್’ ಪುಸ್ತಕ ಹೊರಬಂದದ್ದು 2012ರಲ್ಲಿ. ನನ್ನ ಕೈಗೆ ಬಂದದ್ದು ತೀರ ತಡವಾಗಿ. ತಡವಾಗಿ ಬರುವುದರಲ್ಲೂ ಒಂದು ಅನುಕೂಲವಿದೆ. ಹೊಗಳುವವರು ಅಷ್ಟರಲ್ಲಿ ಹೊಗಳಿ ಮುಗಿಸಿರುತ್ತಾರೆ, ತೆಗಳುವವರೂ ದಣಿದಿರುತ್ತಾರೆ. ನಾವು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಮಧ್ಯಾಹ್ನ ಮನೆಯವರೆಲ್ಲ ಮಲಗಿದ ಮೇಲೆ, ದಿನಕ್ಕೆ ಹತ್ತು ಹನ್ನೆರಡು ಪುಟದಂತೆ ಓದಿಕೊಳ್ಳಬಹುದು. ನಾನು ಬೇಸಿಗೆ ರಜೆಯಲ್ಲಿ ಓದಿದ್ದು ಹಾಗೆಯೇ.

ಹೆಸರನ್ನು ಕನ್ನಡಕ್ಕೆ ತರಲು ಹೋದಾಗಲೇ ತೊಡಕು ಶುರುವಾಯಿತು. ‘ಮೌನ’ ಎಂದರೆ ಋಷಿಮುನಿಗಳ ಸಂಗತಿಯಾಯಿತು. ‘ಶಾಂತ’ ಎಂದರೆ ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯ ಕಡೆಯವರು ಹೇಳುವ ಮಾತಾಯಿತು. ದಿನಬಳಕೆಯಲ್ಲಿ ನಮಗಿರುವುದು ‘ಸುಮ್ಮನೆ’ ಎಂಬ ಪದ. ‘ಸುಮ್ಮನಿರು’ ಎಂದರೆ ಮಾತಾಡಬೇಡ ಎಂದು ಅರ್ಥ. ಆದರೆ ‘ಬೆಳಗಿನಿಂದ ಸುಮ್ಮನೆ ಕೂತಿದ್ದಾಳೆ’ ಎಂದರೆ ಕೆಲಸವಿಲ್ಲದೆ ಕೂತಿದ್ದಾಳೆ ಎಂದಾಗುತ್ತದೆ. ಮಾತಿಲ್ಲದಿರುವುದಕ್ಕೂ ಕೆಲಸವಿಲ್ಲದಿರುವುದಕ್ಕೂ ನಮ್ಮ ಭಾಷೆ ಒಂದೇ ಪದ ಇಟ್ಟುಕೊಂಡಿದೆ ನೋಡಿ. ಕೇನ್ ಅವರ ಜಗಳವಿರುವುದೂ ಇಲ್ಲೇ. ಕಚೇರಿಯಲ್ಲಿ, ಕಂಪನಿಯಲ್ಲಿ, ಮಾತಾಡದೆ ಕೂತವರನ್ನು ಕೆಲಸಕ್ಕೆ ಬಾರದವರೆಂದು ತಿಳಿಯುವುದೇಕೆ ಎಂದು ಅವರು ಕೇಳುತ್ತಾರೆ. ಬರೆಯಲು ಕೂರುವ ಮೊದಲು ಅವರು ನ್ಯೂಯಾರ್ಕಿನಲ್ಲಿ ಕಂಪನಿಗಳ ವ್ಯವಹಾರ ನೋಡಿಕೊಳ್ಳುವ ವಕೀಲರಾಗಿದ್ದವರು. ಪುಸ್ತಕವೂ ಒಳ್ಳೆಯ ವಕೀಲರ ವಾದದ ಹಾಗೆಯೇ ಇದೆ. ಸಾಕ್ಷಿಗಳು ಸಾಲಾಗಿ ಬರುತ್ತಾರೆ, ಎದುರು ಪಕ್ಷದವರಿಗೆ ಬಾಯಿ ಬಿಡಲು ಅವಕಾಶ ಕಡಿಮೆ.

ಅಂತರ್ಮುಖಿ, ಬಹಿರ್ಮುಖಿ ಎಂಬ ಪದಗಳು ನನಗೆ ಪರಿಚಯವಾದದ್ದು ಬಿ.ಎಡ್. ಓದುವಾಗ. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಿಂದ ಹೊರಟ ಈ ವಿಚಾರ ನಮ್ಮ ಪ್ರಶ್ನೆಪತ್ರಿಕೆಗೆ ಬರುವ ಹೊತ್ತಿಗೆ ಒಂದು ಟಿಪ್ಪಣಿಯಾಗಿ ಕುಗ್ಗಿತ್ತು. ಅಂತರ್ಮುಖಿಯೆಂದರೆ ನಾಚಿಕೆ ಸ್ವಭಾವದವರು ಎಂದು ಬರೆದು ಅಂಕ ಗಿಟ್ಟಿಸಿದ ಗೆಳತಿಯರು ಬಹಳ. ಅದು ಹಾಗಲ್ಲ ಎಂದು ಕೇನ್ ತಾಳ್ಮೆಯಿಂದ ಬಿಡಿಸಿ ಹೇಳುತ್ತಾರೆ. ಜನ ಏನೆಂದುಕೊಳ್ಳುತ್ತಾರೋ ಎಂಬ ಭಯ ನಾಚಿಕೆ. ಗದ್ದಲ ಕಡಿಮೆ ಇದ್ದಾಗ ಮನಸ್ಸು ಚೆನ್ನಾಗಿ ಓಡುವುದು ಅಂತರ್ಮುಖತೆ. ಒಂದೇ ಮದುವೆಮನೆಯಿಂದ ಬಂದ ಅಕ್ಕತಂಗಿಯರಲ್ಲಿ ಒಬ್ಬಳಿಗೆ ಹುರುಪು ಏರಿರುತ್ತದೆ, ಇನ್ನೊಬ್ಬಳಿಗೆ ತಲೆ ಸಿಡಿಯುತ್ತಿರುತ್ತದೆ. ಇಬ್ಬರಿಗೂ ನೆಂಟರ ಮೇಲೆ ದ್ವೇಷವೇನಿಲ್ಲ. ಅಮೆರಿಕನ್ನರಲ್ಲಿ ಮೂರರಲ್ಲಿ ಒಂದು ಪಾಲಿನಿಂದ ಅರ್ಧದಷ್ಟು ಜನ ಇಂಥ ತಲೆಸಿಡಿತದವರೇ ಎಂದು ಕೇನ್ ಲೆಕ್ಕ ಕೊಡುತ್ತಾರೆ.

ನಮ್ಮಲ್ಲಿ ಲೆಕ್ಕ ಇಟ್ಟವರಿಲ್ಲ, ಹೆಸರಿಟ್ಟವರು ಮಾತ್ರ ಬೇಕಾದಷ್ಟು. ಮಾತಾಡುವವಳು ‘ಮಾತಿನಮಲ್ಲಿ’, ಒಂದು ಗೆರೆ ದಾಟಿದರೆ ‘ಬಾಯಿಬಡುಕಿ’. ಮಾತಾಡದವಳು ‘ಮೂಗಿ’, ಸ್ವಲ್ಪ ಓದಿಕೊಂಡಿದ್ದರೆ ‘ಜಂಬದವಳು’. ಅದೇ ಗಂಡಸು ಮಾತಾಡದಿದ್ದರೆ ‘ಗಂಭೀರ ಸ್ವಭಾವದವರು’. ಮಾತು ಬೆಳ್ಳಿ, ಮೌನ ಬಂಗಾರ ಎಂದು ಬುದ್ಧಿ ಹೇಳುವ ಅಜ್ಜಿಯೇ ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದೂ ಹೇಳುತ್ತಿದ್ದರು.

ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ್ದು ಮೊದಲ ಅಧ್ಯಾಯ. ಬಾಯಿದ್ದವರೇ ಮೇಲು ಎಂಬ ನಂಬಿಕೆ ಅಮೆರಿಕದ ವ್ಯಾಪಾರದಲ್ಲಿ ಹೇಗೆ ಬೇರೂರಿತು ಎಂಬುದನ್ನು ಕೇನ್ ಒಬ್ಬ ಹುಡುಗನ ಕಥೆಯಾಗಿ ಹೇಳುತ್ತಾರೆ. 1888ರಲ್ಲಿ ಮಿಸ್ಸೌರಿಯಲ್ಲಿ, ಹಂದಿ ಸಾಕುವ ಬಡ ರೈತನ ಮನೆಯಲ್ಲಿ ಹುಟ್ಟಿದ ಡೇಲ್ ಕಾರ್ನೆಗಿ ಮೊದಲು ಅಳುಕಿನ ಹುಡುಗ. ಆಮೇಲೆ ಊರೂರು ತಿರುಗಿ ಮಾಂಸ, ಸೋಪು ಮಾರಿದ. 1912ರಲ್ಲಿ ನ್ಯೂಯಾರ್ಕಿನ ವೈ.ಎಂ.ಸಿ.ಎ.ಯಲ್ಲಿ ಸಂಜೆ ಹೊತ್ತು ಭಾಷಣ ಕಲಿಸಲು ನಿಂತ. ಜನರನ್ನು ಒಲಿಸಿಕೊಳ್ಳುವುದು ಹೇಗೆಂದು 1936ರಲ್ಲಿ ಅವನು ಬರೆದ ಪುಸ್ತಕ ಇವತ್ತಿಗೂ ನಮ್ಮ ರೈಲ್ವೆ ನಿಲ್ದಾಣದ ಅಂಗಡಿಗಳಲ್ಲಿ ಸಿಗುತ್ತದೆ. ಅವನ ಯಶಸ್ಸಿಗೆ ಕಾರಣವೇನು? ಹಳ್ಳಿಯ ಜನ ನಗರಕ್ಕೆ ಬಂದಿದ್ದರು. ಹಳ್ಳಿಯಲ್ಲಿ ಅಂಗಡಿಯವನ ಅಪ್ಪ, ತಾತ ಎಲ್ಲರಿಗೂ ಗೊತ್ತು. ಅವನಿಗೆ ಮುಗುಳ್ನಗೆ ಬೇಕಿರಲಿಲ್ಲ, ತಕ್ಕಡಿ ಸರಿಯಿದ್ದರೆ ಸಾಕಿತ್ತು. ನಗರದಲ್ಲಿ ಕೊಳ್ಳುವವನೂ ಅಪರಿಚಿತ, ಮಾರುವವನೂ ಅಪರಿಚಿತ. ಐದು ನಿಮಿಷದಲ್ಲಿ ಮೆಚ್ಚಿಸಬೇಕು. ಹೀಗೆ ‘ಚಾರಿತ್ರ್ಯ’ ಹಿಂದೆ ಸರಿದು ‘ವ್ಯಕ್ತಿತ್ವ’ ಮುಂದೆ ಬಂತು ಎಂದು ಇತಿಹಾಸಕಾರ ವಾರನ್ ಸಸ್‌ಮನ್ ಅವರನ್ನು ಆಧರಿಸಿ ಕೇನ್ ಹೇಳುತ್ತಾರೆ.

ಇದನ್ನು ಓದುವಾಗ ನಾವು ಮಕ್ಕಳಿಗೆ ಕೊಡುವ ವರ್ಗಾವಣೆ ಪತ್ರದ ನೆನಪಾಯಿತು. ಅದರಲ್ಲಿ ‘ನಡತೆ’ ಎಂದೊಂದು ಕಾಲಂ ಇದೆ. ‘ಉತ್ತಮ’ ಎಂದು ಬರೆದು ಸಹಿ ಹಾಕುತ್ತೇವೆ. ಆ ಪತ್ರ ಹಿಡಿದು ಹೊರಟ ಮಗು ನಾಲ್ಕಾರು ವರ್ಷದ ಮೇಲೆ ಕೆಲಸಕ್ಕೆ ಹೋದಾಗ ‘ನಡತೆ’ಯ ಬಗ್ಗೆ ಯಾರೂ ಕೇಳುವುದಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಮೊದಲನೇ ಮಹಡಿಯಲ್ಲಿ ‘ವ್ಯಕ್ತಿತ್ವ ವಿಕಸನ ಮತ್ತು ಸ್ಪೋಕನ್ ಇಂಗ್ಲಿಷ್’ ಎಂಬ ಬೋರ್ಡು ತೂಗುತ್ತಿರುತ್ತದಲ್ಲ, ಕೇಳುವುದೆಲ್ಲ ಅಲ್ಲಿ ಕಲಿಸುವುದನ್ನು.

ಮುಂದಿನ ಅಧ್ಯಾಯಗಳಲ್ಲಿ ಕೇನ್ ಹಾರ್ವರ್ಡಿನ ಬಿಸಿನೆಸ್ ಸ್ಕೂಲಿಗೆ ಹೋಗುತ್ತಾರೆ. ಅಲ್ಲಿ ತರಗತಿಯಲ್ಲಿ ಬಾಯಿ ಬಿಟ್ಟದ್ದಕ್ಕೇ ಅಂಕವಿದೆ. ಅರೆಬರೆ ಖಾತ್ರಿಯಿದ್ದರೂ ಪೂರ್ತಿ ಖಾತ್ರಿಯಿರುವವರ ಹಾಗೆ ಮಾತಾಡು ಎಂದು ಹುಡುಗರಿಗೆ ಹೇಳಿಕೊಡುತ್ತಾರಂತೆ. ನಾವು ವೈವಾ ಪರೀಕ್ಷೆಗೆ ಹೋಗುವ ಮಕ್ಕಳಿಗೆ ಗುಟ್ಟಾಗಿ ಹೇಳುವುದನ್ನು ಅವರು ಬಹಿರಂಗವಾಗಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಆಮೇಲೆ ಗುಂಪಿನಲ್ಲಿ ಕೂತು ತಲೆ ಓಡಿಸುವ ‘ಬ್ರೇನ್‌ಸ್ಟಾರ್ಮಿಂಗ್’ ಎಂಬ ಪದ್ಧತಿಯ ಸರದಿ. ಅದನ್ನು ಹರಡಿದವನು ಅಲೆಕ್ಸ್ ಆಸ್‌ಬಾರ್ನ್ ಎಂಬ ಜಾಹೀರಾತು ಕಂಪನಿಯವನು. 1963ರಲ್ಲಿ ಮಾರ್ವಿನ್ ಡನೆಟ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಒರೆಗೆ ಹಚ್ಚಿದ. ಅಂಟುಪಟ್ಟಿ ತಯಾರಿಸುವ ತ್ರೀ ಎಂ ಕಂಪನಿಯ 48 ಸಂಶೋಧಕರನ್ನೂ ಜಾಹೀರಾತಿನ 48 ಜನರನ್ನೂ ಒಮ್ಮೆ ನಾಲ್ಕು ನಾಲ್ಕು ಜನರ ಗುಂಪಿನಲ್ಲಿ, ಇನ್ನೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿ ಯೋಚಿಸಲು ಬಿಟ್ಟ. 24 ಗುಂಪುಗಳಲ್ಲಿ 23ರವರಿಗೆ ಒಬ್ಬೊಬ್ಬರೇ ಕೂತಾಗಲೇ ಹೆಚ್ಚು ಉಪಾಯ ಹೊಳೆದವು. ಶಾಲೆಯ ವಾರ್ಷಿಕೋತ್ಸವದ ಪೂರ್ವಭಾವಿ ಸಭೆಗಳಲ್ಲಿ ವರ್ಷಗಟ್ಟಲೆ ಕೂತ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಮೊದಲು ಬಾಯಿ ಬಿಟ್ಟವರು ಕೋಲಾಟ ಎಂದರೆ ಕೊನೆಗೆ ಕೋಲಾಟವೇ ಆಗುತ್ತದೆ.

ಮಾತು ಕಡಿಮೆಯಿದ್ದೂ ವ್ಯಾಪಾರ ಗೆದ್ದವರ ಪೈಕಿ ನನಗೆ ಇಷ್ಟವಾದವರು ಡಾರ್ವಿನ್ ಸ್ಮಿತ್. ಕಿಂಬರ್ಲಿ-ಕ್ಲಾರ್ಕ್ ಎಂಬ ಕಾಗದದ ಕಂಪನಿಯ ಒಳಗಿನ ವಕೀಲರಾಗಿದ್ದು 1971ರಲ್ಲಿ ಅದರ ಮುಖ್ಯಸ್ಥರಾದವರು. ಸಾಧಾರಣ ಅಂಗಡಿಯ ಸೂಟು, ಸಂಕೋಚದ ಮಾತು. ಅಂಥವರು ಒಂದು ದಿನ ಕಂಪನಿಯ ಹಳೆಯ ಕಾಗದದ ಗಿರಣಿಗಳನ್ನು ಮಾರಿ, ಆ ಹಣವನ್ನು ಮನೆಬಳಕೆಯ ಸಾಮಾನುಗಳಿಗೆ ತೊಡಗಿಸುವುದೆಂದು ತೀರ್ಮಾನಿಸಿದರು. ಷೇರುಪೇಟೆಯವರು ನಕ್ಕರು. ಸ್ಮಿತ್ ಮರುಮಾತಾಡಲಿಲ್ಲ, ಇಪ್ಪತ್ತು ವರ್ಷ ಅದೇ ದಾರಿಯಲ್ಲಿ ನಡೆದು ಗೆದ್ದರು. ನಮ್ಮ ಮೊಮ್ಮಕ್ಕಳಿಗೆ ಕಟ್ಟುವ ಹಗ್ಗೀಸ್ ಆ ಕಂಪನಿಯದೇ. ಇವರ ಕಥೆಯನ್ನು ಜಿಮ್ ಕಾಲಿನ್ಸ್ 2001ರಲ್ಲೇ ಬರೆದಿದ್ದರು. ಕೇನ್ ಅದನ್ನು ತಮ್ಮ ವಾದಕ್ಕೆ ಎರವಲು ತಂದಿದ್ದಾರೆ.

ಆದರೆ ಮಾರಾಟದ ಮಟ್ಟಿಗೆ ಮೌನಿಗಳೇ ಮೇಲು ಎನ್ನಲೂ ಆಗದು. ಕೇನ್ ಪುಸ್ತಕ ಬಂದ ಮರುವರ್ಷ, 2013ರಲ್ಲಿ, ಆಡಂ ಗ್ರಾಂಟ್ ಎಂಬವರು ಫೋನಿನಲ್ಲಿ ಮಾರಾಟ ಮಾಡುವ 340 ನೌಕರರ ಗಳಿಕೆ ಲೆಕ್ಕ ಹಾಕಿದರು. ಹೆಚ್ಚು ಗಳಿಸಿದವರು ವಾಚಾಳಿಗಳೂ ಅಲ್ಲ, ಮೌನಿಗಳೂ ಅಲ್ಲ, ನಡುವಿನವರು. ಜೀವವಿಮೆ ಮಾಡಿಸಲು ಬರುವ ಏಜೆಂಟರನ್ನು ನೆನೆಸಿಕೊಂಡರೆ ಇದು ನಿಜವೆನಿಸುತ್ತದೆ. ಬಂದವರು ತಾವೇ ಒಂದು ಗಂಟೆ ಮಾತಾಡಿದರೆ ನಾವು ಕಾಫಿ ಕೊಟ್ಟು ಕಳಿಸಿಬಿಡುತ್ತೇವೆ. ಮಗಳ ಮದುವೆಯ ವಿಚಾರ ಕೇಳಿ, ನಮ್ಮನ್ನು ಮಾತಾಡಲು ಬಿಟ್ಟವರಿಗೆ ಪಾಲಿಸಿ ಸಿಗುತ್ತದೆ.

ಒಂಬತ್ತನೆಯ ಅಧ್ಯಾಯದ ಬ್ರಯಾನ್ ಲಿಟ್ಲ್ ಅವರನ್ನಂತೂ ನಾನು ನಮ್ಮ ಸ್ಟಾಫ್‌ರೂಮಿಗೇ ಕರೆತಂದುಬಿಟ್ಟಿದ್ದೇನೆ. ಇವರು ಕೆನಡಾದ ಮನಶ್ಶಾಸ್ತ್ರದ ಪ್ರೊಫೆಸರು. ಪಾಠ ಮಾಡಿದರೆ ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರಂತೆ. ಸ್ವಭಾವದಿಂದ ಮಾತ್ರ ಅಪ್ಪಟ ಅಂತರ್ಮುಖಿ. ರಿಶೆಲ್ಯೂ ನದಿಯ ದಡದ ಸೈನಿಕ ಕಾಲೇಜೊಂದರಲ್ಲಿ ಬೆಳಿಗ್ಗೆ ಉಪನ್ಯಾಸ ಮುಗಿಸಿದ ಮೇಲೆ ಅಧಿಕಾರಿಗಳ ಜೊತೆ ಊಟಕ್ಕೆ ಕೂರಬೇಕು. ಇವರಿಗೆ ಅಷ್ಟು ಹೊತ್ತಿಗೆ ಜೀವ ಸೋತಿರುತ್ತದೆ. ಹಡಗು ನೋಡುವ ಹವ್ಯಾಸವಿದೆಯೆಂದು ನೆಪ ಹೇಳಿ ನದಿಯ ದಡದಲ್ಲಿ ಒಬ್ಬರೇ ಅಡ್ಡಾಡುತ್ತಿದ್ದರು. ಸಭೆಯ ಜಾಗ ಬದಲಾಗಿ ನದಿ ತಪ್ಪಿಹೋದಾಗ ಶೌಚಾಲಯದೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡರಂತೆ. ನಮಗೆ ಪ್ರಿಯವಾದ ಕೆಲಸಕ್ಕಾಗಿ ನಾವು ನಮ್ಮ ಸ್ವಭಾವ ಮೀರಿ ಮಾತಾಡಬಲ್ಲೆವು, ಆದರೆ ಆಮೇಲೆ ಒಂದಿಷ್ಟು ಹೊತ್ತು ನಮ್ಮಷ್ಟಕ್ಕೆ ನಮ್ಮನ್ನು ಬಿಡಬೇಕು ಎಂಬುದು ಅವರ ಸಿದ್ಧಾಂತ. ದಿನಕ್ಕೆ ಆರು ಪೀರಿಯಡ್ ಗಂಟಲು ಹರಿದುಕೊಳ್ಳುವ ನಮ್ಮಂಥವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಲಿಟ್ಲ್ ಅವರಿಗೆ ಬಾಗಿಲು ಹಾಕಿಕೊಳ್ಳಲು ಒಂದು ಜಾಗವಾದರೂ ಸಿಕ್ಕಿತಲ್ಲ ಎಂಬುದಷ್ಟೇ ನನಗೆ ಹೊಟ್ಟೆಕಿಚ್ಚು. ಸಂಜೆ ಮನೆಗೆ ಬಂದು ಬಚ್ಚಲಿಗೆ ಹೋದರೆ ಅಲ್ಲಿಗೂ ‘ಸಕ್ಕರೆ ಡಬ್ಬ ಎಲ್ಲಿದೆ’ ಎಂಬ ಪ್ರಶ್ನೆ ಬರುತ್ತದೆ.

ಇಷ್ಟೆಲ್ಲ ಮೆಚ್ಚಿದವಳಿಗೆ ತಕರಾರೇನು ಎಂದು ನೀವು ಕೇಳಬಹುದು.

ಪುಸ್ತಕದ ಆರಂಭದಲ್ಲೇ ಇಪ್ಪತ್ತು ಹೇಳಿಕೆಗಳ ಒಂದು ಪಟ್ಟಿ ಇದೆ. ಗುಂಪಿಗಿಂತ ಒಬ್ಬರ ಜೊತೆ ಮಾತಾಡುವುದು ನನಗಿಷ್ಟ, ಬರೆದು ಹೇಳುವುದು ನನಗೆ ಸುಲಭ, ಇಂಥವು. ನಿಜ ಅಥವಾ ಸುಳ್ಳು ಎಂದು ಗುರುತು ಹಾಕಿದರೆ ನೀವು ಯಾವ ಜಾತಿಯವರೆಂದು ಗೊತ್ತಾಗುತ್ತದೆ. ಮಳೆ ಬಂದು ಆಟದ ಪೀರಿಯಡ್ ರದ್ದಾದ ಒಂದು ದಿನ ನಾನು ಇವನ್ನು ಕನ್ನಡಕ್ಕೆ ಮಾಡಿ ಸ್ಟಾಫ್‌ರೂಮಿನಲ್ಲಿ ಓದಿದೆ. ಮೊದಲ ಹೇಳಿಕೆಗೇ ಹಿಂದಿ ಮೇಡಂ, ‘ಎಲ್ಲಿ? ಮನೆಯಲ್ಲೋ, ಇಲ್ಲೋ?’ ಎಂದರು. ಇನ್ನೊಬ್ಬರು, ‘ಮನೆಯಲ್ಲಾದ್ರೆ ನಮ್ಮತ್ತೆ ಊರಿಗೆ ಹೋದಾಗ ಒಂದು ಉತ್ತರ, ಇದ್ದಾಗ ಒಂದು ಉತ್ತರ ಬರ್ಕೋಬೇಕು’ ಎಂದರು. ಮೀಟಿಂಗಿನಲ್ಲಿ ಹೆಡ್‌ಮಾಸ್ಟರು ಇದ್ದರೆ ಹೇಗೆ, ಇಲ್ಲದಿದ್ದರೆ ಹೇಗೆ ಎಂದು ಮೂರನೆಯವರು ಕೇಳಿದರು. ಇಪ್ಪತ್ತು ಹೇಳಿಕೆ ಮುಗಿಯಲೇ ಇಲ್ಲ. ನಗುವಿನಲ್ಲಿ ಗಂಟೆ ಹೊಡೆಯಿತು.

ನಕ್ಕಿದ್ದು ನಿಜ, ಆದರೆ ಆ ‘ಎಲ್ಲಿ?’ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಮೌನ ಹುಟ್ಟುಗುಣ ಎಂಬ ಕಡೆಗೇ ಕೇನ್ ಅವರ ತಕ್ಕಡಿ ವಾಲುತ್ತದೆ. ಅದಕ್ಕೆ ಆಧಾರ ಇಲ್ಲವೆಂದಲ್ಲ. ಹಾರ್ವರ್ಡಿನ ಜೆರೋಮ್ ಕಾಗನ್ ನಾಲ್ಕು ತಿಂಗಳ 500 ಕೂಸುಗಳಿಗೆ ಹೊಸ ಸದ್ದು, ಹೊಸ ವಾಸನೆ ಕೊಟ್ಟು ನೋಡಿದ್ದರು. ಕೈಕಾಲು ಬಡಿದು ಅತ್ತ ಕೂಸುಗಳೇ ಮುಂದೆ ಜಾಗರೂಕ, ಮಿತಭಾಷಿ ಮಕ್ಕಳಾಗುವ ಸಂಭವ ಹೆಚ್ಚೆಂದು ಕಂಡುಕೊಂಡರು. ಒಪ್ಪೋಣ. ಆದರೆ ಕೆಲಸದ ಜಾಗದಲ್ಲಿ ನಾವು ಕಾಣುವ ಮೌನವೆಲ್ಲ ತೊಟ್ಟಿಲಿನಿಂದ ಬಂದದ್ದೇ? ಯಾರು ಬಾಯಿ ಬಿಟ್ಟರೆ ವರ್ಗಾವಣೆಯಾಗುತ್ತದೆ, ಯಾರು ಬಿಟ್ಟರೆ ಬಡ್ತಿ ಸಿಗುತ್ತದೆ ಎಂಬುದನ್ನು ನೋಡಿಕೊಂಡೇ ಜನ ಸುಮ್ಮನಿರುತ್ತಾರೆ. ಮೇಲಿನವರ ಮೌನಕ್ಕೆ ಗಾಂಭೀರ್ಯ ಎನ್ನುತ್ತಾರೆ, ಕೆಳಗಿನವರ ಮೌನವನ್ನು ಯಾರೂ ಗಮನಿಸುವುದೇ ಇಲ್ಲ. ಡಾರ್ವಿನ್ ಸ್ಮಿತ್ ಮರುಮಾತಾಡದೆ ಗೆದ್ದರು ಸರಿ, ಅವರು ಕಂಪನಿಯ ಮುಖ್ಯಸ್ಥರಾಗಿದ್ದರು. ಅವರ ಗಿರಣಿಯಲ್ಲಿ ಕಾಗದದ ಸುರುಳಿ ಹೊತ್ತವರು ಮಾತಾಡದಿದ್ದರೆ ಅದಕ್ಕೆ ಯಾರೂ ಪುಸ್ತಕ ಬರೆಯುವುದಿಲ್ಲ.

ಇಂಥ ಪಟ್ಟಿಗಳ ಹಿಂದೆ ಒಂದು ತಾಯಿಮಗಳ ಕಥೆಯೂ ಇದೆ. ಕೇನ್ ಅವರಿಗಿಂತ ಬಹಳ ಮೊದಲೇ ಕ್ಯಾಥರೀನ್ ಬ್ರಿಗ್ಸ್ ಎಂಬ ಗೃಹಿಣಿ ಯೂಂಗ್ ಅವರನ್ನು ಓದಿ ಮರುಳಾದರು. ಮಗಳು ಇಸಬೆಲ್ ಮೈಯರ್ಸ್ ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದವರು. ಎರಡನೆಯ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋಗಿ, ಹೆಂಗಸರು ಕಾರ್ಖಾನೆ, ಕಚೇರಿಗಳಿಗೆ ಕಾಲಿಟ್ಟಾಗ ಯಾರಿಗೆ ಯಾವ ಕೆಲಸ ಒಪ್ಪುತ್ತದೆಂದು ತಿಳಿಸಲು ಇಸಬೆಲ್ ಒಂದು ಪ್ರಶ್ನಾವಳಿ ಕಟ್ಟಿದರು. ಇಬ್ಬರೂ ಮನಶ್ಶಾಸ್ತ್ರದ ಪದವಿ ಪಡೆದವರಲ್ಲ. ಅದೇ ಇವತ್ತು ಮನುಷ್ಯರನ್ನು 16 ಬಗೆಯಾಗಿ ವಿಂಗಡಿಸುವ ಮೈಯರ್ಸ್-ಬ್ರಿಗ್ಸ್ ಪರೀಕ್ಷೆ. ಮನೆಯೊಳಗಿಂದ ಇಬ್ಬರು ಹೆಂಗಸರು ಇಷ್ಟು ದೊಡ್ಡ ವ್ಯವಹಾರ ಹುಟ್ಟುಹಾಕಿದರಲ್ಲ ಎಂದು ಹೆಮ್ಮೆಯೇ ಆಗುತ್ತದೆ. ಆದರೂ ಜನರನ್ನು ಕೆಲಸಕ್ಕೆ ಆರಿಸಲು ಇದನ್ನು ಬಳಸಬಾರದೆಂದು ಅದನ್ನು ಮಾರುವ ಸಂಸ್ಥೆಯೇ ಹೇಳುತ್ತದೆ.

ಮಾತೇ ಕೂಲಿಯಾದವರ ವಿಚಾರವೂ ಕೇನ್ ಪುಸ್ತಕದಲ್ಲಿ ತೆಳುವಾಗಿದೆ. ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರಲ್ಲೇ ವಿಮಾನದ ಪರಿಚಾರಿಕೆಯರ ಬಗ್ಗೆ ಬರೆದಿದ್ದರು. ಅವರ ನಗುವೂ ಸಂಬಳದ ಲೆಕ್ಕದಲ್ಲಿ ಸೇರಿದೆ ಎಂದು ತೋರಿಸಿದ್ದರು. ವಿಮಾನ ಹತ್ತದವರು ನಮ್ಮೂರ ಸೀರೆ ಅಂಗಡಿಯನ್ನೇ ನೋಡಿ. ಸುತ್ತಲ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಹುಡುಗಿಯರು ಬೆಳಿಗ್ಗೆಯಿಂದ ರಾತ್ರಿಯವರೆಗೆ ‘ಬನ್ನಿ ಅಕ್ಕ, ಈ ಬಣ್ಣ ನಿಮಗೆ ಒಪ್ಪುತ್ತೆ ಅಕ್ಕ’ ಎನ್ನುತ್ತ ನಿಂತಿರುತ್ತಾರೆ. ನಿಂತೇ ಇರುತ್ತಾರೆ ಎಂಬುದನ್ನೂ ಗಮನಿಸಿ. ಅಂಗಡಿಯಲ್ಲಿ ಕೂರುವ ಹಕ್ಕಿಗಾಗಿ ಕೇರಳದ ಹೆಂಗಸರು ಹೋರಾಡಿ 2018ರಲ್ಲಿ ಕಾನೂನು ತಿದ್ದಿಸಿದರು, 2021ರಲ್ಲಿ ತಮಿಳುನಾಡಿನಲ್ಲೂ ತಿದ್ದುಪಡಿಯಾಯಿತು. ಆ ಹುಡುಗಿಯರಲ್ಲಿ ಎಷ್ಟು ಜನ ಅಂತರ್ಮುಖಿಗಳೋ! ಅವರಿಗೆ ನದಿಯ ದಡವೂ ಇಲ್ಲ.

ಇನ್ನು, ಈ ಪುಸ್ತಕ ನನಗೆ ಸಿಕ್ಕ ಬಗೆ. ನನ್ನ ತಂಗಿಯ ಮಗಳು ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಜಿನಿಯರಿಂಗ್ ಮಾಡಿದವಳು. ಬೆಂಗಳೂರಿನ ಕಂಪನಿಯೊಂದಕ್ಕೆ ಹೋದಾಗ ಬರಹದ ಪರೀಕ್ಷೆಯಲ್ಲಿ ಪಾಸಾದಳು. ಆಮೇಲೆ ‘ಗ್ರೂಪ್ ಡಿಸ್ಕಷನ್’. ಹತ್ತು ಜನ ಸುತ್ತ ಕೂತು ಇಂಗ್ಲಿಷಿನಲ್ಲಿ ಹದಿನೈದು ನಿಮಿಷ ಚರ್ಚಿಸಬೇಕು. ಇವಳು ಮನಸ್ಸಿನಲ್ಲಿ ವಾಕ್ಯ ಜೋಡಿಸಿ, ಕ್ರಿಯಾಪದ ಸರಿಯಿದೆಯೇ ಎಂದು ನೋಡಿಕೊಳ್ಳುವಷ್ಟರಲ್ಲಿ ಚರ್ಚೆ ಮುಂದಕ್ಕೆ ಹೋಗಿರುತ್ತಿತ್ತು. ಎರಡೇ ಸಲ ಬಾಯಿ ಬಿಟ್ಟಳು. ಕೆಲಸ ಸಿಗಲಿಲ್ಲ. ಏಕೆಂದು ಕೇಳಿದ್ದಕ್ಕೆ ‘ನೀವು ಸ್ವಲ್ಪ ಇಂಟ್ರೊವರ್ಟ್, ತಂಡದಲ್ಲಿ ಹೊಂದಿಕೊಳ್ಳುವುದು ಕಷ್ಟ’ ಎಂದರಂತೆ. ಇನ್ನೂ ಎರಡು ಕಡೆ ಹೀಗೆಯೇ ಆಯಿತು. ಆ ದಿನಗಳಲ್ಲಿ ಯಾರೋ ಗೆಳತಿ ಈ ಪುಸ್ತಕ ಕೊಟ್ಟಳು. ‘ದೊಡ್ಡಮ್ಮ, ನನ್ನಂಥೋರ ಬಗ್ಗೆ ಒಂದು ಪುಸ್ತಕವೇ ಇದೆ, ಓದಿ’ ಎಂದು ನನಗೆ ತಂದುಕೊಟ್ಟಳು. ಅವಳ ಮುಖದಲ್ಲಿ ನೆಮ್ಮದಿಯಿತ್ತು. ತನ್ನಲ್ಲಿ ಏನೋ ಕೊರತೆಯಿದೆ ಎಂದು ಕೊರಗುತ್ತಿದ್ದವಳಿಗೆ ಅದು ಕೊರತೆಯಲ್ಲ, ಸ್ವಭಾವ ಎಂದು ಒಬ್ಬರು ಗೌರವದಿಂದ ಹೇಳಿದ್ದರು. ಅಷ್ಟಕ್ಕೆ ನಾನು ಕೇನ್ ಅವರಿಗೆ ಋಣಿ.

ಆದರೆ ಇವಳು ಅಂತರ್ಮುಖಿಯೇ? ಏಳನೆಯ ತರಗತಿಯಲ್ಲಿ ನಾಟಕಕ್ಕೆ ಒನಕೆ ಓಬವ್ವನಾಗಿ ನಿಂತವಳು. ನೆಂಟರ ಮದುವೆಯಲ್ಲಿ ಬೀಗರ ಕಡೆಯವರನ್ನು ಅಣಕಿಸಿ ಇಡೀ ಚಪ್ಪರವನ್ನು ನಗಿಸಿದವಳು. ಕನ್ನಡದಲ್ಲಿ ಮಾತಿನಮಲ್ಲಿಯಾದ ಹುಡುಗಿ ಇಂಗ್ಲಿಷಿನಲ್ಲಿ ಮೂಗಿಯಾದರೆ ಅದು ಸ್ವಭಾವವಲ್ಲ, ಭಾಷೆಯ ಮಾತು. ಭಾಷೆ ಕಲಿಯಬಹುದು, ಅದಕ್ಕೊಂದು ದಾರಿಯಿದೆ. ಸ್ವಭಾವ ಎಂದು ಒಪ್ಪಿಕೊಂಡುಬಿಟ್ಟರೆ ಆ ದಾರಿಯನ್ನು ಹುಡುಕುವವರು ಯಾರು? ನಾನು ಹೀಗೆಂದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದೊಡ್ಡಮ್ಮ, ನೀವು ನೋಡಿದ್ದು ಊರಲ್ಲಿರೋ ನನ್ನನ್ನ. ಬೆಂಗಳೂರಲ್ಲಿ ನಾನು ಬೇರೆಯವಳೇ’ ಎಂದಳು. ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಎಂಟನೆಯ ಅಧ್ಯಾಯ ನಮಗೆ ತೀರ ಹತ್ತಿರದ್ದು. ಅದರಲ್ಲಿ ಕೇನ್ ಕ್ಯಾಲಿಫೋರ್ನಿಯಾದ ಕುಪರ್ಟಿನೊ ಪಟ್ಟಣಕ್ಕೆ ಹೋಗಿ ಏಷ್ಯ ಮೂಲದ ಮಕ್ಕಳನ್ನೂ ಸಾಫ್ಟ್‌ವೇರ್ ನೌಕರರನ್ನೂ ಮಾತಾಡಿಸುತ್ತಾರೆ. ನಮ್ಮ ಊರುಗಳಿಂದ ಹೋದ ಮಕ್ಕಳೂ ಕೆಲಸ ಮಾಡುವ ಸೀಮೆ ಅದು. ಓದಿನಲ್ಲಿ ಮುಂದು, ಸಭೆಯಲ್ಲಿ ಹಿಂದು ಎಂಬ ಇವರ ಪಾಡನ್ನು ಕೇನ್ ಸಂಸ್ಕೃತಿಯ ವ್ಯತ್ಯಾಸ ಎಂದು ವಿವರಿಸುತ್ತಾರೆ. ಪರಭಾಷೆಯಲ್ಲಿ ಬಾಯಿ ತೆರೆಯುವ ಕಷ್ಟಕ್ಕೆ ಕೊಡಬೇಕಾದಷ್ಟು ತೂಕ ಕೊಡುವುದಿಲ್ಲ. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರಿಗೆ ಅದು ಕಾಣುವುದು ಕಷ್ಟವೇನೋ.

ಅದೇ ಅಧ್ಯಾಯದಲ್ಲಿ ಗಾಂಧೀಜಿ ಬರುತ್ತಾರೆ, ಸಂಕೋಚವೇ ತನ್ನ ಗುರಾಣಿಯಾಯಿತು ಎಂದವರು. ಅವರ ಆತ್ಮಕಥೆ ಓದಿದವರಿಗೆ ಎರಡು ಪ್ರಸಂಗ ನೆನಪಿರಬೇಕು. ಬ್ಯಾರಿಸ್ಟರಾಗಿ ಬಂದ ಹೊಸತರಲ್ಲಿ ಮುಂಬಯಿಯ ಸಣ್ಣ ಕೋರ್ಟಿನಲ್ಲಿ ಮಮೀಬಾಯಿ ಎಂಬಾಕೆಯ ಮೊಕದ್ದಮೆ ಹಿಡಿದರು. ಸಾಕ್ಷಿಯನ್ನು ಪ್ರಶ್ನಿಸಲು ಎದ್ದು ನಿಂತಾಗ ತಲೆ ತಿರುಗಿ, ಒಂದು ಮಾತೂ ಹೊರಡದೆ ಕೂತುಬಿಟ್ಟರು. ಪಡೆದಿದ್ದ 30 ರೂಪಾಯಿ ಫೀಜನ್ನೂ ಬಿಟ್ಟುಕೊಟ್ಟರು. ಅದೇ ವ್ಯಕ್ತಿ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಭಾರತೀಯ ವರ್ತಕರ ಸಭೆಯಲ್ಲಿ ನಿಂತು ಮಾತಾಡಿದರು. ವಿಷಯವೂ ವ್ಯಾಪಾರದ್ದೇ, ವ್ಯಾಪಾರದಲ್ಲಿ ಸತ್ಯ ನಡೆಯುತ್ತದೆಯೇ ಎಂಬುದು. ತಮ್ಮ ಮೊದಲ ಸಾರ್ವಜನಿಕ ಭಾಷಣ ಅದು ಎಂದು ಅವರೇ ಬರೆದಿದ್ದಾರೆ. ಎರಡು ವರ್ಷದೊಳಗೆ ಅವರ ಹುಟ್ಟುಗುಣ ಬದಲಾಗಿರಲಾರದು. ಸಭೆ ಬದಲಾಗಿತ್ತು, ಹೇಳಲೇಬೇಕಾದ ಮಾತೂ ಇತ್ತು.

ಕೇನ್ ಅವರ ಕಥೆಯೂ ಇದಕ್ಕೆ ಹೊರತಲ್ಲ. ಮೌನದ ಪರ ಮಾತಾಡಲು ಅವರು ಒಂದು ವರ್ಷ ಭಾಷಣ ಕಲಿತು 2012ರಲ್ಲಿ ಟೆಡ್ ವೇದಿಕೆ ಹತ್ತಿದರು. ಕೋಟ್ಯಂತರ ಜನ ಅದನ್ನು ನೋಡಿದರು. 2014ರಲ್ಲಿ ಸ್ಟೀಲ್‌ಕೇಸ್ ಎಂಬ ಪೀಠೋಪಕರಣದ ಕಂಪನಿ ಅವರ ಜೊತೆ ಸೇರಿ, ಗದ್ದಲದ ಕಚೇರಿಗಳಲ್ಲಿ ಅಂತರ್ಮುಖಿಗಳು ಕೂರಲು ಪುಟ್ಟ ಕೋಣೆಗಳನ್ನು ಮಾರಾಟಕ್ಕೆ ಇಟ್ಟಿತು. ಮೊದಲು ಗೋಡೆ ಒಡೆದು ಎಲ್ಲರನ್ನೂ ಒಂದೇ ಹಜಾರದಲ್ಲಿ ಕೂರಿಸಿದರು, ಆಮೇಲೆ ಗೋಡೆಯನ್ನೇ ಮಾರಿದರು! ಹಾಗೆ ಒಡೆದದ್ದರಿಂದ ಮಾತಾದರೂ ಬೆಳೆಯಿತೇ ಎಂದರೆ ಅದೂ ಇಲ್ಲ. ಹಾರ್ವರ್ಡಿನ ಬರ್ನ್‌ಸ್ಟೈನ್ ಮತ್ತು ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೋಡೆ ತೆಗೆದ ಎರಡು ದೊಡ್ಡ ಕಂಪನಿಗಳ ಕಚೇರಿಗಳಲ್ಲಿ ಮುಖಾಮುಖಿ ಮಾತು ಸುಮಾರು ನೂರಕ್ಕೆ 70ರಷ್ಟು ಇಳಿದು, ಇಮೇಲ್ ಏರಿತ್ತು. ಒಂದೇ ಉದ್ದನೆಯ ಮೇಜಿನ ಸುತ್ತ ಇಪ್ಪತ್ತು ವರ್ಷ ನೋಟ್‌ಬುಕ್ ತಿದ್ದಿದ ನಾವು ಇದನ್ನು ಪುಕ್ಕಟೆಯಾಗಿ ಹೇಳಿಬಿಡುತ್ತಿದ್ದೆವು.

ಕೊನೆಯ ಅಧ್ಯಾಯದಲ್ಲಿ ಶಿಕ್ಷಕರಿಗೆ ಕೆಲವು ಸಲಹೆಗಳಿವೆ. ಮಾತು ಕಡಿಮೆಯಿರುವುದನ್ನು ಕಾಯಿಲೆಯಂತೆ ವಾಸಿಮಾಡಲು ಹೋಗಬೇಡಿ, ಅಂಥ ಮಕ್ಕಳನ್ನು ಗದ್ದಲದ ಜಾಗದಲ್ಲಿ ಕೂರಿಸಬೇಡಿ ಎನ್ನುತ್ತಾರೆ. ಐವತ್ತೆರಡು ಮಕ್ಕಳು, ಬೆಂಚಿಗೆ ನಾಲ್ವರು. ಗದ್ದಲವಿಲ್ಲದ ಜಾಗವನ್ನು ನಾನು ಎಲ್ಲಿಂದ ತರಲಿ? ಅದರ ಬದಲು ನನಗೆ ಸಾಧ್ಯವಾದದ್ದೊಂದನ್ನು ಈ ವರ್ಷ ಮಾಡಿ ನೋಡಿದೆ. ಪ್ರಶ್ನೆ ಕೇಳಿದ ಕೂಡಲೇ ಕೈ ಎತ್ತುವಂತಿಲ್ಲ. ಎರಡು ನಿಮಿಷ ಎಲ್ಲರೂ ರಫ್ ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಕೈ. ಎಂದಿನ ಏಳೆಂಟು ಕೈಗಳ ಜೊತೆ ಇನ್ನೂ ಅಷ್ಟೇ ಕೈ ಮೇಲೆದ್ದವು. ಹೊಸ ಕೈಗಳಲ್ಲಿ ಹೆಚ್ಚಿನವು ಹುಡುಗಿಯರವು. ಅವರಲ್ಲಿ ಎಷ್ಟು ಜನ ಅಂತರ್ಮುಖಿಗಳು, ಎಷ್ಟು ಜನ ಬರೀ ಹೆದರಿದವರು, ಎಷ್ಟು ಜನರಿಗೆ ಮನೆಯಲ್ಲಿ ಬೇರೆ ಭಾಷೆ ಎಂದು ವಿಂಗಡಿಸಲು ನಾನು ಹೋಗಿಲ್ಲ. ಸಿಲಬಸ್ ಮಾತ್ರ ಎರಡು ಪಾಠ ಹಿಂದೆ ಬಿದ್ದಿದೆ.

ಇಂಗ್ಲಿಷ್ ಓದಬಲ್ಲವರು ಈ ಪುಸ್ತಕವನ್ನು ಓದಬೇಕು. ಮೊದಲ ಮೂರು ಅಧ್ಯಾಯ ಮತ್ತು ಒಂಬತ್ತನೆಯದನ್ನು ಬಿಡಬೇಡಿ. ಮಿದುಳಿನ ವಿಚಾರ ಬರುವ ನಡುವಿನ ಭಾಗವನ್ನು ಬೇಗ ದಾಟಬಹುದು. ನನ್ನಲ್ಲಿರುವುದು ತಂಗಿಯ ಮಗಳ ಪ್ರತಿ. ಅವಳು ಗೆರೆ ಎಳೆದ ಕಡೆಯಲ್ಲೆಲ್ಲ ಅಂಚಿನಲ್ಲಿ ನಾನು ಪೆನ್ಸಿಲಿನಿಂದ ತಕರಾರು ಬರೆದಿದ್ದೇನೆ. ದಸರಾ ರಜೆಗೆ ಬಂದಾಗ ಪುಸ್ತಕ ವಾಪಸ್ಸು ಕೊಡಬೇಕು. ಪೆನ್ಸಿಲಿನ ಬರಹ ಹಾಗೆಯೇ ಇರುತ್ತದೆ.